ನಿಷ್ಠೆ ಎಂಬ ಪದದ ಚೀಟಿ

"ಹೊಸ ಅರ್ಥ ಬರೆದುಕೊಳ್ಳಮ್ಮ," ಎಂದರು ನಿಘಂಟು ಕಚೇರಿಯ ಪ್ರಧಾನ ಸಂಪಾದಕರು. "ನಿಷ್ಠೆ ಅಂದರೆ ಆಳುವ ಪಕ್ಷಕ್ಕೆ ಮರುಮಾತಿಲ್ಲದೆ ತಲೆಬಾಗುವುದು. ಮೇಲಿನಿಂದ ಆದೇಶ ಬಂದಿದೆ."

ಸಹಾಯಕಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷದ ಹಿಂದೆ ಆಕೆಗೆ ಈ ಕೆಲಸ ಕಲಿಸಿದ ಮೇಷ್ಟ್ರೇ ಅವರು. ಎದ್ದು ಹೋಗಿ, ಮರದ ಡ್ರಾಯರಿನಿಂದ ಆ ಪದದ ಅರ್ಥ ಬರೆದಿದ್ದ ಹಳದಿಗಟ್ಟಿದ ಚೀಟಿಯೊಂದನ್ನು ತಂದು ಅವರ ಮುಂದಿಟ್ಟಳು. "ಸ್ಥಾ ಅನ್ನೋದು ಧಾತು, ಅದಕ್ಕೆ ಮೊದಲು ನಿ ಅನ್ನೋ ಉಪಸರ್ಗ. ಅಲುಗದೆ ನಿಲ್ಲುವುದು ಅಂತ ಅರ್ಥ. ಇದನ್ನ ಬರೆದವರು ಯಾರು ಮೇಷ್ಟ್ರೇ? ಅಕ್ಷರ ನಿಮ್ಮದೇ. ನಿಲ್ಲೋ ಪದ ಯಾವಾಗಿಂದ ಬಗ್ಗೋಕೆ ಶುರು ಮಾಡ್ತು?"

"ನನ್ನ ನಿವೃತ್ತಿಗೆ ಇನ್ನು ಎಂಟೇ ತಿಂಗಳು. ನೀರಲ್ಲಿದ್ದು ಮೊಸಳೆ ಜೊತೆ ಜಗಳ ಯಾಕೆ?"

"ಹಾಗಾದ್ರೆ ನೀವೇ ಹೊಡೆದುಹಾಕಿ. ನನಗಂತೂ ಕೈ ಬರಲ್ಲ."

ಒಂದು ಗಳಿಗೆಯಾದರೂ ತಡೆದಾರು ಎಂದುಕೊಂಡಿದ್ದಳು. ಅವರು ಕೆಂಪು ಪೆನ್ನು ತೆಗೆದು, ಚೀಟಿಯನ್ನು ಸರಿಯಾಗಿ ನೋಡದೆಯೇ ಉದ್ದಕ್ಕೆ ಗೆರೆ ಎಳೆದುಬಿಟ್ಟರು. ಆಕೆ ಚೀಟಿಯನ್ನು ತನ್ನತ್ತ ಎಳೆದುಕೊಂಡು, ಗೆರೆಯ ಕೆಳಗೆ ಅವರ ಹೆಸರನ್ನೂ ಆ ದಿನದ ತಾರೀಕನ್ನೂ ದುಂಡಗೆ ಬರೆದಳು.

"ಹೆಸರು ಯಾಕಮ್ಮ?" ಅವರ ದನಿ ಇಳಿದಿತ್ತು.

"ಅರ್ಥ ತಿದ್ದಿದವರ ಹೆಸರು ಚೀಟಿಯಲ್ಲಿರಬೇಕು ಅಂತ ನಿಯಮ ಮಾಡಿದವರೂ ನೀವೇ. ನಾಳೆ ಯಾರಾದ್ರೂ ಕೇಳಿದ್ರೆ ನಾನು ಉತ್ತರ ಕೊಡಬೇಕಲ್ಲ."

ಅವರು ಚೀಟಿಗಾಗಿ ಕೈ ಚಾಚಿದರು. ಆಕೆ ಕೊಡಲಿಲ್ಲ.