ನೀರಿನವರು ಚುಕ್ಕಾಣಿ ಕೇಳುತ್ತಾರೆ

ಒಂದು ಕೈ ಚುಕ್ಕಾಣಿಯ ಮೇಲಿಟ್ಟುಕೊಂಡೇ ಗುಲಾಬಿ ಲೋಟವನ್ನು ಹಿಂದಕ್ಕೆ ಚಾಚಿದಳು. ಹಿಂದೆ ಯಾರೋ ಹತ್ತಿದ ಸದ್ದು. ತಿರುಗಿ ನೋಡದೆಯೇ ಕೂರಲು ಹೇಳಿದಳು.

"ಕೂಕಣಿ. ಗಂಜಿ ಇತ್ತ್."

ಒಬ್ಬರೇ ನಡೆಸುವ ಹಾಯಿದೋಣಿ ಕಂಡರೆ ಮುಳುಗಿ ಸತ್ತವರು ಹತ್ತುವುದು ವಾಡಿಕೆ. ಗಂಜಿ ಕುಡಿದು ಇಳಿದುಹೋಗುತ್ತಾರೆ. ಚುಕ್ಕಾಣಿ ಮಾತ್ರ ಕೊಡಬಾರದು. ಕೊಟ್ಟ ದೋಣಿ ದಡ ಸೇರುವುದಿಲ್ಲ.

"ಎಮ್ಮೆ ಕಟ್ದಂಗೆ ಸೊಂಟಕ್ಕೆ ಹಗ್ಗ ಕಟ್ಕಂಡಿದ್ಯಲೆ, ಹೆಣ್ಣೆ!"

ಲೋಟ ಸಮುದ್ರಕ್ಕೆ ಬಿತ್ತು. ಅಣ್ಣ ಶೀನನ ದನಿ. ಬೆಳಿಗ್ಗೆ ದೋಣಿ ಕಟ್ಟುವ ಧಕ್ಕೆಯಲ್ಲಿ ಇದೇ ಮಾತಾಡಿ ನಕ್ಕು, ಅವನು ತನ್ನ ದೋಣಿ ಹತ್ತಿದ್ದ.

"ಅಣ್ಣ... ನೀ ಯಾವಾಗ?"

"ಈಗಷ್ಟೇ. ಹಾಯಿ ಕೋಲ್ ತಿರುಗ್ತ್, ತಲೆಗೆ ಬಡೀತ್, ನೀರಿಗ್ ಬಿದ್ದೆ. ನಾ ಹಗ್ಗ ಕಟ್ಲಿಲ್ಲೆ."

ಅವನು ಪಕ್ಕದಲ್ಲೇ ಕುಳಿತ.

"ನಿಂಗೆ ದಣಿವಾಯ್ತಲೆ. ಚುಕ್ಕಾಣಿ ಇತ್ಲಾಗ್ ಕೊಡ್. ಒಟ್ಟಿಗೇ ಮನಿಗೆ ಹೋಪ."

"ಕೊಡ್ತಿಲ್ಲೆ," ಎಂದಳು ಗುಲಾಬಿ.