ಬಾಗಿಲ ಹಿಂದಿನ ಮಾಸ್ಕ್

ವರದಿಗಾರನಾಗಿದ್ದ ಗಂಡ ಆಲ್ಸೀಯನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ, ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದ್ದ ಗ್ಯಾಸ್ ಮಾಸ್ಕಿಗೆ ಅವನ ಪತ್ರಿಕೆಯ ಸಂಪಾದಕಿ ಕ್ಯಾರೊಲಿನ್ ಕೈ ಚಾಚಿದಾಗ ಮಾರ್ವೆಟ್ ಇನ್ನೂ ಕಾಫಿ ಕೂಡ ಕುಡಿದಿರಲಿಲ್ಲ. "ಆಲ್ಸೀ ಹೆಸರಲ್ಲಿ ಒಂದು ಫೆಲೋಶಿಪ್ ಶುರು ಮಾಡ್ತಿದೀವಮ್ಮ. ಲೂಸಿಯಾನದಲ್ಲಿ ಪರಿಸರದ ಬಗ್ಗೆ ಬರೆಯೋ ಕಪ್ಪು ಜನಾಂಗದ ವರದಿಗಾರರಿಗೆ. ಈ ಮಾಸ್ಕನ್ನ ಆಫೀಸಲ್ಲಿ ಗಾಜಿನ ಪೆಟ್ಟಿಗೇಲಿ ಇಡ್ತೀವಿ."

"ಅದು ಅವನದಲ್ಲ. ಕೆಮಿಕಲ್ ಫ್ಯಾಕ್ಟರಿ ಹೊಗೆ ಬಗ್ಗೆ ಬರೆಯೋಕೆ ಅವನು ಒಂದು ಮಾಸ್ಕ್ ಕೊಡಿಸಿ ಅಂತ ಕೇಳಿದಾಗ ನೀವೇನಂದ್ರಿ?"

"ಆ ವರ್ಷ ಬಜೆಟ್ ಇರ್ಲಿಲ್ಲ..."

"'ಆ ಫ್ಯಾಕ್ಟರಿ ಪಕ್ಕದಲ್ಲೇ ಹುಟ್ಟಿದೋನು, ನಿಂಗೆ ಆ ಗಾಳಿ ಒಗ್ಗಿರ್ಬೇಕಲ್ಲ' ಅಂದ್ರಿ. ನಕ್ಕೊಂಡು ಅಂದ್ರಿ. ಅವನೂ ಮನೆಗೆ ಬಂದು ನಕ್ಕೊಂಡೇ ಹೇಳಿದ. ಆಮೇಲೆ ಕೆಮ್ಮು ಬಂತು, ನಿಲ್ಲಲೇ ಇಲ್ಲ."

ಮಾಸ್ಕನ್ನು ಮೊಳೆಯಿಂದ ತೆಗೆದುಕೊಂಡು ಮಾರ್ವೆಟ್ ರಸ್ತೆ ದಾಟಿದಳು. ಅದೇ ಫ್ಯಾಕ್ಟರಿಯ ಕೆಲಸಗಾರ, ಎದುರುಮನೆಯ ಆಕ್ಟೇವ್ ಮಾವ ಊಟದ ಡಬ್ಬಿ ಹಿಡಿದು ಪಾಳಿಗೆ ಹೊರಟಿದ್ದ. ಕಂಪನಿ ತನಗೆ ಕೊಟ್ಟ ಹೊಸ ಮಾಸ್ಕನ್ನು ಆಲ್ಸೀಗೆ ಕೊಟ್ಟು, ಇಷ್ಟು ದಿನ ಹಳೆಯದರಲ್ಲೇ ಕೆಲಸ ಮಾಡುತ್ತಿದ್ದವನು ಅವನೇ.

"ನೆನಪಿಗೆ ನೀನೇ ಇಟ್ಕೋ ಮಗಳೇ. ನನ್ನ ಹತ್ರ ಹಳೇದಿದೆ."

"ಹಳೇದು ಸೋರುತ್ತೆ ಅಂತ ನೀನೇ ಅವನಿಗೆ ಹೇಳಿದ್ಯಂತೆ. ಹಾಕ್ಕೋ ಮಾವ, ನಾನು ನೋಡ್ಬೇಕು."

ಅವನು ಹಾಕಿಕೊಂಡ. ಆಲ್ಸೀಯ ತಲೆಯ ಅಳತೆಗಿದ್ದ ಪಟ್ಟಿ ಮುದುಕನಿಗೆ ಸಡಿಲವಾಗಿ ಜೋತುಬಿತ್ತು. ಬಿಗಿ ಮಾಡಲು ಹೋದ ಅವನ ಕೈ ಅರ್ಧದಲ್ಲೇ ನಿಂತಿತು. ಮಾರ್ವೆಟ್ ಎರಡೂ ಕೈಯಿಂದ ಪಟ್ಟಿ ಹಿಡಿದು, ಮಾಸ್ಕ್ ಅವನ ಕೆನ್ನೆಗೆ ಕಚ್ಚಿ ಕೂರುವವರೆಗೂ ಎಳೆದಳು.