ಎಳ್ಳಮಾವಾಸ್ಯೆಯ ಕೆಂಪು ಗೆರೆ

ಚರಗದ ಬುಟ್ಟಿ ಹೊತ್ತ ಭೀಮಬಾಯಿ ಮುಂದೆ, ಮೊಬೈಲ್ ಹಿಡಿದ ಸುಜಾತಾ ಹಿಂದೆ. ಅರವತ್ತೆಂಟರ ಮುದುಕಿಯ ನಡಿಗೆಗೆ ಇಪ್ಪತ್ತಾರರ ಹುಡುಗಿ ಏದುಸಿರು ಬಿಡುತ್ತಿದ್ದಳು!

ಕಲಬುರಗಿಯ ಕಚೇರಿಯಿಂದ ಸುಜಾತಾ ಬೆಂಕಿ ಅಪಾಯದ ನಕಾಶೆ ತಂದಿದ್ದಳು. ಕಮಲಾಪುರದ ರೈತರನ್ನು ಸೇರಿಸಿ, ತಪ್ಪಿದ್ದರೆ ತಿದ್ದಿ, ಮಧ್ಯಾಹ್ನ ಎರಡರೊಳಗೆ ಕಳಿಸಬೇಕು. ಯಾವ ಪುಣ್ಯಾತ್ಮ ಸಭೆಯನ್ನು ಎಳ್ಳಮಾವಾಸ್ಯೆ ದಿನವೇ ಇಟ್ಟನೋ! ಭೂಮಿತಾಯಿಗೆ ಅಡುಗೆಯ ಎಡೆಯಾಗಿ ಚರಗ ಚೆಲ್ಲಿ ಉಣ್ಣಲು ಊರಿಗೆ ಊರೇ ಹೊಲಕ್ಕೆ ಹೋಗಿತ್ತು. ಖಾಲಿ ಕುರ್ಚಿಗಳನ್ನು ನೋಡಿ ನೋಡಿ ಸಾಕಾಗಿ ಅವಳೂ ಭೀಮಬಾಯಿಯ ಬೆನ್ನು ಹತ್ತಿ ಹೊಲದ ಹಾದಿ ಹಿಡಿದಿದ್ದಳು.

"ನಕಾಶ್ಯಾಗ ನಿಮ್ಮ ಗುಡ್ಡ ಹಸರ ಅದ ಆಯಿ. ಹಸರಂದ್ರ ಭಯ ಇಲ್ಲ. ಕೆಂಪಿದ್ರ ಬ್ಯಾಸಗಿಗಿಂತ ಮೊದಲ ಹುಲ್ಲು ಕೆತ್ತಿಸಿ ಬೆಂಕಿಗೆ ಅಡ್ಡ ಪಟ್ಟಿ ಮಾಡಸ್ತೀವಿ."

"ಅಯ್ಯ ನನ್ನವ್ವಾ! ಹೋದ ಬ್ಯಾಸಗ್ಯಾಗ ಇದೇ ಗುಡ್ಡ ಉರದು ನನ್ನ ಇಪ್ಪತ್ತು ಬಾಳಿಗಿಡ ಸುಟ್ಟಾವ. ಮಳಿಗಾಲದಾಗ ಫೋಟೋ ತಗದ್ರ ಎಲ್ಲಾ ಹಸರೇ ಕಾಣ್ತದ!"

ಸುಜಾತಾಳಿಗೆ ನಾಚಿಕೆಯೂ ನಗೆಯೂ ಒಟ್ಟಿಗೇ ಬಂದವು. "ಬೆಂಕಿ ಎಲ್ಲಿತನಕ ಬಂದಿತ್ತು, ತೋರಸ್ತೀರೇನ್ರಿ?"

"ಅಲ್ಲಿಗೇ ಹೊಂಟೀನಲ್ಲ. ಸುಟ್ಟ ನೆಲಕ್ಕೂ ಚರಗ ಬೇಕು. ಅದೂ ತಾಯಿನೇ, ಪಾಪ, ಸುಟ್ಕೊಂಡಾಳ."

ಭೀಮಬಾಯಿ ಬದು ದಾಟಿ ಗುಡ್ಡದ ಮಗ್ಗುಲಿಗೆ ಹತ್ತಿದಳು. ಕರಿ ಹಿಡಿದ ಕಲ್ಲಿಗೊಂದು ಹಿಡಿ, ಅರೆಬೆಂದ ಮುಳ್ಳುಕಂಟಿಗೊಂದು ಹಿಡಿ. ಹಿಂದೆ ಬರುತ್ತಿದ್ದ ಸುಜಾತಾಳ ಮೊಬೈಲಿನಲ್ಲಿ ಅವರು ನಡೆದ ದಾರಿಯೆಲ್ಲ ಗೆರೆಯಾಗಿ ಮೂಡಿತು. ಕೊನೆಗೆ ಒಂದು ಬೇವಿನ ಗಿಡದ ನೆರಳಲ್ಲಿ ಕೂತು, ಅಲ್ಲಿಂದಲೇ ಆ ಗೆರೆಯನ್ನು ಕಲಬುರಗಿಗೆ ಕಳಿಸಿದಳು.

ಐದೇ ನಿಮಿಷಕ್ಕೆ ಮೇಲಧಿಕಾರಿ ದೇವಿಂದ್ರಪ್ಪನವರ ಫೋನು. "ಸುಜಾತಾ, ಈ ಗೆರಿ ಮ್ಯಾಲೆ ಹೋಗಿ ಒಂದು ಗಿಡಕ್ಕ ಸುತ್ತು ಹೊಡದದಲ್ಲ, ಅಲ್ಲೂ ಬೆಂಕಿ ಬಿದ್ದಿತ್ತೇನು?"

ಸುಜಾತಾಳ ಬಾಯಿ ತುಂಬ ಸಜ್ಜಿ ರೊಟ್ಟಿ, ಭಜ್ಜಿ. ಹೇಗೋ ನುಂಗಿದಳು. "ಇಲ್ರೀ ಸರ್, ನೆರಳು ಹುಡುಕಿ ಸುತ್ತಿದ್ವಿ. ಊಟಕ್ಕ ಕೂತೀವ್ರಿ."

ಆಚೆ ಕಡೆ ಜೋರು ನಗು. "ಇರ್ಲಿ ಬಿಡು, ಅದನ್ನೂ ಸೇರಿಸಿ ಕೆಂಪು ಮಾಡ್ತೀನಿ."

ಫೆಬ್ರುವರಿಯಲ್ಲಿ ಆಳುಗಳು ನಕಾಶೆಯಲ್ಲಿದ್ದ ಹಾಗೇ ಹುಲ್ಲು ಕೆತ್ತಿದರು, ಬೇವಿನ ಗಿಡದ ಸುತ್ತಲೂ.

ಏಪ್ರಿಲ್‌ನಲ್ಲಿ ಭೀಮಬಾಯಿ ಫೋನು ಮಾಡಿದಳು.

"ಯವ್ವಾ, ಗುಡ್ಡಕ್ಕ ಮತ್ತ ಬೆಂಕಿ ಬಿದ್ದಿತ್ತು. ಪಟ್ಟಿತನಕ ಬಂದು ಆರಿ ಹೋತು, ನನ್ನ ಬಾಳಿ ಒಂದೂ ಸುಟ್ಟಿಲ್ಲ! ಗುಡ್ಡೆಲ್ಲಾ ಕರ್ರಗಾಗ್ಯದ, ನೀ ಕೂತು ಉಂಡ ಬೇವಿನ ಗಿಡ ಒಂದೇ ಹಸರ ನಿಂತದ. ಮುಂದಿನ ಅಮಾಸಿಗಿ ಲಗೂನ ಬಾರವ್ವ, ಒಂದೊಂದು ಗಿಡದ ಬುಡಕ್ಕೂ ಕೂತು ಒಂದೊಂದು ತುತ್ತು ಉಣ್ಣೂಣು!"